ನಾರ್ಸೆಟ್ ಪ್ರಿಲಿಮ್ಸ್, ಮೇನ್ಸ್: ನೈಟ್ ಡ್ಯೂಟಿ ಮಾಡುತ್ತಲೇ ಓದಿದವರು ಕೋಲಾರದ ಕಡೆ ಯಾರಾದರೂ ಇದ್ದೀರಾ?

ಬಂಗಾರಪೇಟೆ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ವೈಟ್‌ಫೀಲ್ಡ್ ಕಡೆಯ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಕೆಲಸ ಮಾಡುತ್ತಿದ್ದೇನೆ. ಊರು ಬಂಗಾರಪೇಟೆಯ ಹತ್ತಿರ. ಮಾರಿಕುಪ್ಪಂ ರೈಲಿನಲ್ಲಿ ಹೋಗಿ ಬರುತ್ತೇನೆ. ಮಾಲೂರು ದಾಟುವಷ್ಟರಲ್ಲಿ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ, ಇನ್ನು ಪುಸ್ತಕ ಬಿಡಿಸುವ ಮಾತೆಲ್ಲಿ. ನರ್ಸಿಂಗ್ ಆಫೀಸರ್ ನೇಮಕಾತಿಗೆ ಏಮ್ಸ್‌ನವರು ನಡೆಸುವ ನಾರ್ಸೆಟ್ ಪರೀಕ್ಷೆ ಬರೆಯಬೇಕು ಎಂಬ ಆಸೆ. ಎರಡು ಹಂತ ಎನ್ನುತ್ತಾರೆ. ಮೊದಲು ಪ್ರಿಲಿಮ್ಸ್‌ಗೆ ಓದಿ, ಪಾಸಾದ ಮೇಲೆ ಮೇನ್ಸ್ ನೋಡಿಕೊಂಡರೆ ಆದೀತೇ? ಕೋಚಿಂಗ್ ಸೇರಲೇಬೇಕೇ? ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷಿನ ಉದ್ದುದ್ದ ಪ್ರಶ್ನೆ ಕಂಡರೆ ಕೈ ನಡುಗುತ್ತದೆ. ಅಪ್ಪ ಮಾತ್ರ ‘ಇಲ್ಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಗುತ್ತಿಗೆ ಕೆಲಸ ಸಿಕ್ಕರೆ ಸಾಕಮ್ಮ’ ಎನ್ನುತ್ತಿದ್ದಾರೆ.

ಮಂಗಳಗಿರಿ ಅಕ್ಕ:

ತಂಗಿ, ನಾನು ಕೋಲಾರ ತಾಲ್ಲೂಕಿನವಳು. ಈಗ ಆಂಧ್ರದ ಮಂಗಳಗಿರಿ ಏಮ್ಸ್‌ನಲ್ಲಿ ನರ್ಸಿಂಗ್ ಆಫೀಸರ್. ನಿನ್ನ ಮೊದಲ ಪ್ರಶ್ನೆಗೆ ಉತ್ತರ: ಆಗುವುದಿಲ್ಲ. ತಾರೀಖುಗಳನ್ನೇ ನೋಡು. ನಾರ್ಸೆಟ್ 6ರ ಪ್ರಿಲಿಮ್ಸ್ 2024ರ ಏಪ್ರಿಲ್ 14ಕ್ಕೆ, ಮೇನ್ಸ್ ಮೇ 5ಕ್ಕೆ. ನಾರ್ಸೆಟ್ 7ರ ಪ್ರಿಲಿಮ್ಸ್ ಸೆಪ್ಟೆಂಬರ್ 15ಕ್ಕೆ, ಮೇನ್ಸ್ ಅಕ್ಟೋಬರ್ 4ಕ್ಕೆ. ನಡುವೆ ಮೂರು ವಾರ. ಅದರಲ್ಲಿ ಫಲಿತಾಂಶಕ್ಕೆ ಕಾಯುವ ದಿನಗಳೂ ಸೇರಿವೆ. ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುವವಳಿಗೆ ಆ ಮೂರು ವಾರದಲ್ಲಿ ಎಷ್ಟು ವೀಕ್ಲಿ ಆಫ್ ಸಿಗುತ್ತವೆ, ನೀನೇ ಲೆಕ್ಕ ಹಾಕು.

ಇನ್ನೊಂದು ವಿಷಯ ಬಹಳ ಜನರಿಗೆ ತಲೆಗೆ ಹೋಗುವುದಿಲ್ಲ. ಪ್ರಿಲಿಮ್ಸ್ ಅಂಕ ಅಂತಿಮ ಪಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. ಅದು ಜರಡಿ, ಅಷ್ಟೆ. ರ್‍ಯಾಂಕ್ ತೀರ್ಮಾನವಾಗುವುದು ಮೇನ್ಸ್ ಅಂಕದಿಂದ. ಆದರೂ ನಮ್ಮ ಹುಡುಗಿಯರು ವರ್ಷವಿಡೀ ಒಂದು ಸಾಲಿನ ಪ್ರಶ್ನೆಗಳನ್ನು ಗಿಣಿಪಾಠ ಮಾಡುತ್ತಾರೆ. ‘ವಿಟಮಿನ್ ಸಿ ಕೊರತೆಯಿಂದ ಯಾವ ರೋಗ’ ಎಂಬಂಥವು. ಮೇನ್ಸ್‌ನಲ್ಲಿ ಹಾಗೆ ಕೇಳುವುದಿಲ್ಲ. ಒಬ್ಬ ರೋಗಿಯ ಕಥೆ ಕೊಡುತ್ತಾರೆ. ನಾಡಿ, ಬಿಪಿ, ಲ್ಯಾಬ್ ವರದಿ ಎಲ್ಲ ಕೊಟ್ಟು ‘ಈಗ ನೀನು ಮೊದಲು ಏನು ಮಾಡುತ್ತೀಯ’ ಎಂದು ಕೇಳುತ್ತಾರೆ.

ಪ್ರಿಲಿಮ್ಸ್‌ನಲ್ಲಿ 100 ಪ್ರಶ್ನೆ, 90 ನಿಮಿಷ. 80 ನರ್ಸಿಂಗ್, 20 ಸಾಮಾನ್ಯ ಜ್ಞಾನ ಮತ್ತು ಆಪ್ಟಿಟ್ಯೂಡ್. ಇದನ್ನು 20 ಪ್ರಶ್ನೆಗಳ ಐದು ಭಾಗ ಮಾಡಿರುತ್ತಾರೆ, ಒಂದೊಂದಕ್ಕೆ 18 ನಿಮಿಷ. ಸಮಯ ಮುಗಿದರೆ ಆ ಭಾಗ ಮುಚ್ಚಿಕೊಂಡಿತು, ಹಿಂದಿರುಗಿ ನೋಡುವಂತಿಲ್ಲ. ಮೇನ್ಸ್‌ನಲ್ಲಿ 160 ಪ್ರಶ್ನೆ, ಮೂರು ಗಂಟೆ. ಅಲ್ಲಿಯೂ ನಾಲ್ಕು ಭಾಗ. ಪ್ರಶ್ನೆಯೊಂದಕ್ಕೆ ಒಂದು ನಿಮಿಷದ ಮೇಲೆ ಏಳೆಂಟು ಸೆಕೆಂಡು ಸಿಕ್ಕೀತು. ಕಥೆ ಓದುವುದೂ ಅದರೊಳಗೇ. ಹೊಸ ಅಧಿಸೂಚನೆ ಬಂದಾಗ ಇದೆಲ್ಲವನ್ನೂ ಮತ್ತೊಮ್ಮೆ ಓದಿಕೊಂಡು ಖಚಿತ ಮಾಡಿಕೋ.

ಈಗ ನಿನಗೆ ಎರಡು ಪ್ರಶ್ನೆ. ಜಿಎನ್‌ಎಂ ಎಂದೆ. ಎರಡು ವರ್ಷ ಅನುಭವ ಆಗಿದೆಯೇ? ಆಸ್ಪತ್ರೆ 50 ಹಾಸಿಗೆಗಿಂತ ಕಡಿಮೆಯದಲ್ಲ ತಾನೇ? ಬಿಎಸ್ಸಿಯವರಿಗೆ ಈ ತಾಪತ್ರಯ ಇಲ್ಲ, ಜಿಎನ್‌ಎಂನವರಿಗೆ ಇದೆ.

ಬಂಗಾರಪೇಟೆ ಸಿಸ್ಟರ್:

ಎರಡು ವರ್ಷ ತುಂಬಿದೆ ಅಕ್ಕ. ಆಸ್ಪತ್ರೆಯೂ ದೊಡ್ಡದೇ. ಆದರೆ ಪ್ರಮಾಣಪತ್ರ ಕೇಳಿದರೆ ‘ಕೆಲಸ ಬಿಡುವಾಗ ಕೊಡುತ್ತೇವೆ’ ಎನ್ನುತ್ತಾರೆ.

ಮಂಗಳಗಿರಿ ಅಕ್ಕ:

ಎಲ್ಲ ಕಡೆಯೂ ಅದೇ ಹಾಡು. ಈಗಿನಿಂದಲೇ ಬೆನ್ನು ಹತ್ತು. ಪತ್ರದಲ್ಲಿ ಸೇರಿದ ದಿನಾಂಕ, ಹುದ್ದೆಯ ಹೆಸರು, ಹಾಸಿಗೆಗಳ ಸಂಖ್ಯೆ ಇರಲಿ. ಕೆಲವು ಕಡೆ ಮೊದಲ ವರ್ಷವನ್ನು ‘ಟ್ರೈನಿ’ ಎಂದು ಬರೆದುಬಿಡುತ್ತಾರೆ. ದಾಖಲೆ ಪರಿಶೀಲನೆಯಲ್ಲಿ ಆ ಒಂದು ಪದಕ್ಕೆ ಉತ್ತರ ಹೇಳುವುದರಲ್ಲೇ ಬೆವರು ಇಳಿಯುತ್ತದೆ. ನೇಮಕಾತಿ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇವನ್ನೂ ಒಂದು ಫೈಲಿನಲ್ಲಿ ಇಟ್ಟುಕೋ. ನರ್ಸಿಂಗ್ ಕೌನ್ಸಿಲ್ ನೋಂದಣಿಯ ಅವಧಿ ಮುಗಿದಿದ್ದರೆ ನವೀಕರಿಸಿಕೋ. ಪುಸ್ತಕಕ್ಕಿಂತ ಮೊದಲು ಈ ಕೆಲಸ.

ಚಿಂತಾಮಣಿ ಟೀಚರ್:

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಡ್ಯೂಟಿಯಲ್ಲಿರುವ ಸಿಸ್ಟರ್‌ಗಳು ‘ನಮಗೆ ವಾರ್ಡ್ ಗೊತ್ತು, ಕೇಸ್ ಪ್ರಶ್ನೆ ನಮಗೆ ಸುಲಭ’ ಎಂಬ ಧೈರ್ಯದಲ್ಲಿ ಹೋಗುತ್ತಾರೆ. ಅಲ್ಲೇ ಎಡವುತ್ತಾರೆ. ವಾರ್ಡಿನ ರೂಢಿ ಬೇರೆ, ಪುಸ್ತಕದ ಕ್ರಮ ಬೇರೆ.

ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಾಕಿದ ಮೇಲೆ ಸರಿಯಾದ ಜಾಗದಲ್ಲಿದೆಯೇ ಎಂದು ಹೇಗೆ ನೋಡುತ್ತೀರಿ? ಸಿರಿಂಜಿನಲ್ಲಿ ಗಾಳಿ ತುಂಬಿ ತಳ್ಳಿ, ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಗುಳುಗುಳು ಸದ್ದು ಕೇಳುತ್ತೀರಿ. ಹತ್ತು ವಾರ್ಡಿನಲ್ಲಿ ಒಂಬತ್ತರಲ್ಲಿ ಹೀಗೇ ನಡೆಯುತ್ತದೆ. ಪರೀಕ್ಷೆಯಲ್ಲಿ ಆ ಆಯ್ಕೆಯನ್ನು ಬಲೆಯಂತೆ ಹಾಸಿರುತ್ತಾರೆ. ಅತ್ಯಂತ ನಂಬಿಕಸ್ತ ವಿಧಾನ ಎಂದು ಕೇಳಿದರೆ ಉತ್ತರ ಎಕ್ಸ್‌ರೇ. ಹಾಸಿಗೆಯ ಪಕ್ಕದಲ್ಲಿ ಮಾಡುವುದಾದರೆ ಹೊರಗೆಳೆದ ದ್ರವದ ಪಿಎಚ್ ನೋಡುವುದು, 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗಾಳಿಯ ಸದ್ದು ಶ್ವಾಸಕೋಶದಲ್ಲಿ ಟ್ಯೂಬ್ ಇದ್ದಾಗಲೂ ಕೇಳಿಸಬಹುದು, ಅದಕ್ಕೇ ಅದನ್ನು ನಂಬುವಂತಿಲ್ಲ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದೂ ಹಾಗೆಯೇ. ನಿಮ್ಮ ಕೈ ತಾನಾಗಿ ಮಾಡುತ್ತದೆ. ಪ್ರಶ್ನೆಯಲ್ಲಿ ಮಾಡಿದರೆ ಅಂಕ ಹೋಯಿತು. ಡ್ಯೂಟಿ ಮುಗಿಸಿ ಬಂದ ಮೇಲೆ ಆ ದಿನ ಮಾಡಿದ ಒಂದೇ ಒಂದು ಕೆಲಸವನ್ನು ಪುಸ್ತಕದಲ್ಲಿ ತೆಗೆದು ನೋಡಿ, ಸಾಕು. ಏಕೆ ಹಾಗೆ ಮಾಡಬೇಕು ಎಂಬ ಸಾಲು ಅಲ್ಲಿ ಇರುತ್ತದೆ. ಮೇನ್ಸ್ ಕೇಳುವುದು ಆ ಸಾಲನ್ನೇ.

ತೊಟ್ಲಿ ಹುಡುಗ:

ಟೀಚರ್ ಮೇಡಂ, ಹಾಗಾದರೆ ಅನುಭವ ಇರುವುದು ತಪ್ಪೇ? ಕಾಲೇಜಿನಿಂದ ಈಗ ತಾನೇ ಬಂದವರು ನಮಗಿಂತ ಚೆನ್ನಾಗಿ ಬರೆಯುತ್ತಾರೆ ಎನ್ನುತ್ತೀರಾ?

ಚಿಂತಾಮಣಿ ಟೀಚರ್:

ಹಾಗೆ ಹೇಳಲಿಲ್ಲ. ರೋಗಿಯನ್ನು ಕಣ್ಣಾರೆ ಕಂಡವರಿಗೆ ಪ್ರಶ್ನೆಯ ಅರ್ಧ ಕಥೆ ಓದುವಾಗಲೇ ತಿಳಿದುಹೋಗುತ್ತದೆ. ಆ ವೇಗ ಹೊಸಬರಿಗೆ ಇರುವುದಿಲ್ಲ. ಆದರೆ ಅನುಭವವನ್ನು ಪುಸ್ತಕದ ಮುಂದೆ ನಿಲ್ಲಿಸಿ ತಪಾಸಣೆ ಮಾಡಬೇಕು ಎಂದೆ, ಅಷ್ಟೇ.

ಮಂಗಳಗಿರಿ ಅಕ್ಕ:

ಟೀಚರ್ ಮಾತನ್ನು ನೂರಕ್ಕೆ ನೂರು ಒಪ್ಪುತ್ತೇನೆ. ಇನ್ನೊಂದು ಉದಾಹರಣೆ ಕೊಡುತ್ತೇನೆ. ರಕ್ತ ಏರಿಸುತ್ತಿರುವಾಗ ರೋಗಿಗೆ ಚಳಿ, ಸೊಂಟ ನೋವು, ಮೈ ತುರಿಕೆ. ನಾಲ್ಕು ಆಯ್ಕೆಯಲ್ಲಿ ‘ಡಾಕ್ಟರಿಗೆ ತಿಳಿಸುವುದು’ ಇದ್ದೇ ಇರುತ್ತದೆ. ವಾರ್ಡಿನಲ್ಲಿ ನಮ್ಮ ಕಾಲು ಮೊದಲು ಓಡುವುದೇ ಡಾಕ್ಟರ್ ಕೋಣೆಗೆ, ಏಕೆಂದರೆ ಬೈಗುಳಕ್ಕೆ ಹೆದರಿದ್ದೇವೆ. ಸರಿಯಾದ ಉತ್ತರ: ಮೊದಲು ರಕ್ತ ನಿಲ್ಲಿಸು. ಆಮೇಲೆ ಹೊಸ ಸೆಟ್ ಹಾಕಿ ನಾರ್ಮಲ್ ಸಲೈನ್‌ನಿಂದ ಲೈನ್ ಉಳಿಸಿಕೋ. ಡಾಕ್ಟರಿಗೆ ಕರೆ ಆಮೇಲಿನ ಮಾತು. ನರ್ಸ್ ತಾನೇ ಮಾಡಬಹುದಾದ, ಜೀವ ಉಳಿಸುವ ಕೆಲಸ ಆಯ್ಕೆಗಳಲ್ಲಿ ಇದ್ದರೆ ಡಾಕ್ಟರಿಗೆ ತಿಳಿಸುವುದು ಎರಡನೆಯದು. ಇದು ಪರೀಕ್ಷೆಯ ತಂತ್ರ ಎಂದುಕೊಳ್ಳಬೇಡ. ಕೆಲಸಕ್ಕೆ ಬಂದ ಮೇಲೆ ನಿನ್ನಿಂದ ನಿರೀಕ್ಷಿಸುವುದೂ ಇದನ್ನೇ.

ಇಂಗ್ಲಿಷ್ ಬಗ್ಗೆ ಕೇಳಿದ್ದೆ. ನಾನೂ ಕನ್ನಡ ಮಾಧ್ಯಮದವಳೇ. ಕೇಸ್ ಶೀಟ್ ಇಂಗ್ಲಿಷಿನಲ್ಲಿ ಓದುತ್ತೀಯ, ಹ್ಯಾಂಡ್‌ಓವರ್ ಇಂಗ್ಲಿಷಿನಲ್ಲಿ ಬರೆಯುತ್ತೀಯ. ಪರೀಕ್ಷೆಯ ಭಾಷೆ ಅದಕ್ಕಿಂತ ಕಷ್ಟದ್ದಲ್ಲ. ಕಥೆಯ ಕೊನೆಯ ಸಾಲನ್ನು ಮೊದಲು ಓದು. ‘ಮೊದಲು’, ‘ತಕ್ಷಣ’, ‘ಹೊರತುಪಡಿಸಿ’ ಎಂಬರ್ಥದ ಪದ ಯಾವುದಿದೆ ನೋಡು, ಆಮೇಲೆ ಮೇಲಿನಿಂದ ಓದು. ‘ಹೊರತುಪಡಿಸಿ’ಯನ್ನು ಕಣ್ಣು ಹಾರಿಸಿದ್ದರಿಂದ ಕೆಟ್ಟವರು ಇಂಗ್ಲಿಷ್ ಬಾರದೆ ಕೆಟ್ಟವರಿಗಿಂತ ಹೆಚ್ಚು.

ಬ್ರದರ್ ಮುಳಬಾಗಿಲು:

ನೀವೆಲ್ಲ ಓದುವ ಬಗೆ ಹೇಳುತ್ತಿದ್ದೀರಿ. ನಮ್ಮಂಥವರ ಗತಿ ಕೇಳಿ. ಏಮ್ಸ್‌ಗಳಲ್ಲಿ ನರ್ಸಿಂಗ್ ಆಫೀಸರ್ ಹುದ್ದೆಗಳಿಗೆ ಶೇ 80 ಮಹಿಳೆಯರು, ಶೇ 20 ಪುರುಷರು ಎಂಬ ನಿಯಮ. ತರಗತಿಯಲ್ಲಿ ನಾವೂ ಅಷ್ಟೇ ಶುಲ್ಕ ಕಟ್ಟಿದವರು. ಅದೇ ಅಂಕಕ್ಕೆ ಹುಡುಗಿಗೆ ಊರಿನ ಹತ್ತಿರದ ಏಮ್ಸ್, ನಮಗೆ ಮುಂದಿನ ಸಲ ನೋಡೋಣ. ಆಪರೇಷನ್ ಥಿಯೇಟರಿನಲ್ಲಿ, ತುರ್ತು ವಿಭಾಗದಲ್ಲಿ ರೋಗಿಯನ್ನು ಎತ್ತುವಾಗ ಮಾತ್ರ ‘ಬ್ರದರ್ ಎಲ್ಲಿ, ಬ್ರದರ್ ಎಲ್ಲಿ’ ಎಂದು ಕೂಗುತ್ತಾರೆ.

ಹೆರಿಗೆ ವಾರ್ಡ್ ಸಿಸ್ಟರ್:

ತಮ್ಮಾ, ನಿನ್ನ ಸಂಕಟ ಅರ್ಥವಾಗುತ್ತದೆ. ಆದರೆ ನಮ್ಮ ಲೇಬರ್ ರೂಮಿಗೆ ಬರುವ ಹೆಂಗಸರನ್ನೂ ಒಮ್ಮೆ ಕೇಳಿ ನೋಡು.

ಬ್ರದರ್ ಮುಳಬಾಗಿಲು:

ಅದು ಒಪ್ಪಿದೆ ಅಕ್ಕ. ಎಲ್ಲ ವಾರ್ಡೂ ಲೇಬರ್ ರೂಮ್ ಅಲ್ಲವಲ್ಲ.

ಚಿಂತಾಮಣಿ ಟೀಚರ್:

ಈ ಜಗಳ ಇಲ್ಲಿ ತೀರುವುದಲ್ಲ. ಬ್ರದರ್, ನೀವು ರೈಲ್ವೆಯನ್ನೂ ನೋಡಿ. 2024ರಲ್ಲಿ ರೈಲ್ವೆ ನೇಮಕಾತಿ ಮಂಡಳಿ ನರ್ಸಿಂಗ್ ಸೂಪರಿಂಟೆಂಡೆಂಟ್ ಎಂಬ ಹೆಸರಿನಲ್ಲಿ 713 ಹುದ್ದೆ ಕರೆದಿತ್ತು. ಮೂಲ ವೇತನ ಏಮ್ಸ್‌ನಷ್ಟೇ, 44,900 ರೂಪಾಯಿ. ಲಿಖಿತ ಪರೀಕ್ಷೆ ಒಂದೇ ಹಂತ, 100 ಪ್ರಶ್ನೆ. 70 ನರ್ಸಿಂಗ್, ಉಳಿದದ್ದು ಸಾಮಾನ್ಯ ಜ್ಞಾನ, ಗಣಿತ, ವಿಜ್ಞಾನ. ನಾರ್ಸೆಟ್‌ಗೆ ಓದಿದವರು ಅದಕ್ಕೆ ಬೇರೆಯಾಗಿ ಓದಬೇಕಾದದ್ದು ಹತ್ತನೆಯ ತರಗತಿಯ ವಿಜ್ಞಾನ ಮತ್ತು ಸ್ವಲ್ಪ ಲೆಕ್ಕ.

ಟೆಸ್ಟ್ ಸೀರೀಸ್ ಪ್ರಿಯ:

ಯಾರಿಗಾದರೂ ಹಿಂದಿನ ವರ್ಷದ ಪ್ರಶ್ನೆಗಳ ಪಿಡಿಎಫ್ ಬೇಕಾದರೆ ನನ್ನ ಟೆಲಿಗ್ರಾಂ ಗುಂಪಿಗೆ ಬನ್ನಿ. ಈ ಸಲದ ‘ಗ್ಯಾರಂಟಿ ಪ್ರಶ್ನೆ’ಗಳೂ ಇವೆ. ಕಡಿಮೆ ಶುಲ್ಕ.

ಮಂಗಳಗಿರಿ ಅಕ್ಕ:

ಗ್ಯಾರಂಟಿ ಪ್ರಶ್ನೆ ಇದ್ದರೆ ನೀವೇ ಬರೆದು ಕೆಲಸಕ್ಕೆ ಸೇರಬಹುದಿತ್ತಲ್ಲ? ದಯವಿಟ್ಟು ಯಾರೂ ದುಡ್ಡು ಕಟ್ಟಬೇಡಿ. ಅರ್ಜಿ ಶುಲ್ಕವೇ ಸಾಮಾನ್ಯ ಮತ್ತು ಒಬಿಸಿಯವರಿಗೆ 3,000 ರೂಪಾಯಿ, ಎಸ್‌ಸಿ, ಎಸ್‌ಟಿ, ಇಡಬ್ಲ್ಯುಎಸ್‌ನವರಿಗೆ (ಆರ್ಥಿಕವಾಗಿ ಹಿಂದುಳಿದವರಿಗೆ) 2,400 ರೂಪಾಯಿ. ನಮ್ಮ ಕಡೆಯ ಸ್ಟಾಫ್ ನರ್ಸ್ ಸಂಬಳಕ್ಕೆ ಅದೇ ದೊಡ್ಡ ಏಟು. ನೆನಪಿನಿಂದ ಬರೆದ ಪ್ರಶ್ನೆಗಳು ಯಾವ ಧಾಟಿಯಲ್ಲಿ ಕೇಳುತ್ತಾರೆ ಎಂದು ತಿಳಿಯಲು ಸಾಕು. ಅವುಗಳ ಉತ್ತರಗಳನ್ನು ಮಾತ್ರ ನಂಬಬೇಡಿ, ಬಹಳಷ್ಟು ತಪ್ಪಿರುತ್ತವೆ.

ಕೋಚಿಂಗ್ ಬಗ್ಗೆ: ಟೆಸ್ಟ್ ಸೀರೀಸ್ ಒಂದಕ್ಕೆ ಖರ್ಚು ಮಾಡಬಹುದು, ಏಕೆಂದರೆ 18 ನಿಮಿಷದ ಗಡಿಯಾರ ಮನೆಯಲ್ಲಿ ಕುಳಿತು ಓದುವಾಗ ಇರುವುದಿಲ್ಲ. ವಿಡಿಯೊ ಪಾಠಗಳನ್ನು ನೈಟ್ ಡ್ಯೂಟಿ ಮುಗಿಸಿ ಬಂದವಳು ನೋಡುತ್ತಾ ಕುಳಿತರೆ ಅರ್ಧಕ್ಕೇ ನಿದ್ದೆ. ಅದು ನಿನ್ನ ತಪ್ಪಲ್ಲ, ದೇಹಧರ್ಮ.

ಕೆಜಿಎಫ್ ಮೊಮ್ಮಗಳು:

ಗೈಡ್ ಪುಸ್ತಕಗಳ ಬಗ್ಗೆಯೂ ಒಂದು ಮಾತು. ಹಳೆಯ ಗೈಡ್ ಅರ್ಧ ಬೆಲೆಗೆ ಸಿಗುತ್ತದೆ ಎಂದು ಕೊಳ್ಳುವವರು ಲಸಿಕೆ ಪಟ್ಟಿಯ ಪುಟ ತೆರೆದು ನೋಡಿ. ಗರ್ಭಿಣಿಯರಿಗೆ ಇನ್ನೂ ‘ಟಿಟಿ’ (ಧನುರ್ವಾಯು ಲಸಿಕೆ) ಎಂದಿದ್ದರೆ ಅಲ್ಲೇ ಇಟ್ಟು ಬನ್ನಿ, ಈಗ ಅದು ಡಿಫ್ತೀರಿಯಾ ಲಸಿಕೆಯೂ ಸೇರಿದ ಟಿಡಿ. ಚರ್ಮದೊಳಗೆ ಕೊಡುವ ಪೋಲಿಯೊ ಚುಚ್ಚುಮದ್ದು ಮೊದಲು 6 ಮತ್ತು 14ನೇ ವಾರಕ್ಕೆ ಮಾತ್ರ ಇತ್ತು. 2023ರಿಂದ 9ನೇ ತಿಂಗಳಿಗೆ ಮೂರನೆಯದು ಸೇರಿದೆ. ಇಂಥ ಬದಲಾವಣೆಗಳನ್ನೇ ಹುಡುಕಿ ಕೇಳುತ್ತಾರೆ.

ಸಮುದಾಯ ಆರೋಗ್ಯ ಎಂದರೆ ಒಣ ವಿಷಯ ಎಂದು ಬದಿಗಿಡುವವರೇ ಹೆಚ್ಚು. ನಮ್ಮ ಜಿಲ್ಲೆಯವರಿಗೆ ಅದು ಮನೆಯ ಮಾತು. ನನ್ನ ತಾತ ಗಣಿಯಲ್ಲಿ ಕೆಲಸ ಮಾಡಿದವರು. ಕೊನೆಗಾಲದಲ್ಲಿ ಮೂರು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಉಸಿರು ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದಕ್ಕೇ ಹೆಚ್ಚು ಹೊತ್ತು. ಸಿಲಿಕೋಸಿಸ್ ಎಂಬ ಪದ ಪುಸ್ತಕದಲ್ಲಿ ಬಂದಾಗ ನನಗೆ ಬಾಯಿಪಾಠ ಬೇಕಾಗಲಿಲ್ಲ. ಸಿಲಿಕಾ ದೂಳು, ಶ್ವಾಸಕೋಶದಲ್ಲಿ ಗಂಟು, ಅಂಥವರಿಗೆ ಕ್ಷಯ ಬರುವ ಸಂಭವ ಹೆಚ್ಚು, ವಾಸಿಯಾಗುವ ಕಾಯಿಲೆ ಅಲ್ಲ, ದೂಳಿನಿಂದ ರಕ್ಷಣೆಯೇ ಮದ್ದು. ಗಣಿ ಮುಚ್ಚಿದ್ದು 2001ರಲ್ಲಿ. ಅಂಥ ಉಸಿರು ಆಮೇಲೂ ನಮ್ಮ ಬೀದಿಗಳಲ್ಲಿ ಕೇಳಿಸುತ್ತಿತ್ತು. ಬೋರ್‌ವೆಲ್ ನೀರಿನ ಫ್ಲೋರೈಡ್‌ದೂ ಅದೇ ಕಥೆ. ಹಲ್ಲಿನ ಮೇಲೆ ಕಂದು ಕಲೆ, ಬಗ್ಗಲಾಗದ ಬೆನ್ನು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ಅಂಕಿ ನಮ್ಮವರಿಗೆ ಮರೆತುಹೋದರೆ ನಾಚಿಕೆ.

ಶ್ರೀನಿವಾಸಪುರ ರೈತ:

ನಾನು ನರ್ಸ್ ಅಲ್ಲ. ಮಗಳು ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಅವಳೂ ಇದೇ ಪರೀಕ್ಷೆ ಎನ್ನುತ್ತಿದ್ದಾಳೆ. ನಮ್ಮ ರಾಜ್ಯದಲ್ಲಿ ಏಮ್ಸ್ ಇಲ್ಲವಲ್ಲ, ರಾಯಚೂರಿನವರು ವರ್ಷಗಟ್ಟಲೆ ಹೋರಾಟ ಮಾಡುತ್ತಿರುವುದನ್ನು ಪತ್ರಿಕೆಯಲ್ಲಿ ಓದುತ್ತಿದ್ದೇವೆ. ದೆಹಲಿಗೋ ಪಟ್ನಾಕ್ಕೋ ಹಾಕಿದರೆ ಹೆಣ್ಣುಮಗಳನ್ನು ಹೇಗೆ ಕಳಿಸುವುದು? ಮದುವೆ ವಯಸ್ಸು ಬೇರೆ.

ಮಂಗಳಗಿರಿ ಅಕ್ಕ:

ಯಜಮಾನರೇ, ನಮ್ಮ ಅಪ್ಪನೂ ಇದೇ ಮಾತು ಹೇಳಿದ್ದರು. ಫಲಿತಾಂಶ ಬಂದ ಮೇಲೆ ಯಾವ ಯಾವ ಸಂಸ್ಥೆ ಬೇಕು ಎಂದು ಆದ್ಯತೆಯ ಕ್ರಮದಲ್ಲಿ ತುಂಬುವ ಹಂತ ಇದೆ. ರ್‍ಯಾಂಕ್ ಚೆನ್ನಾಗಿದ್ದರೆ ಹತ್ತಿರದ್ದು ಸಿಗುತ್ತದೆ. ಮೇನ್ಸ್ ಅಂಕಕ್ಕೆ ಅಷ್ಟು ಬೆಲೆ ಎಂದು ನಾನು ಬಡಿದುಕೊಳ್ಳುವುದು ಇದಕ್ಕೇ. ಆಂಧ್ರದಲ್ಲಿ ಮಂಗಳಗಿರಿ, ತೆಲಂಗಾಣದಲ್ಲಿ ಬೀಬಿನಗರ, ಎರಡೂ ನಮ್ಮ ಕಡೆಯವರಿಗೆ ಪರದೇಶವಲ್ಲ. ಶ್ರೀನಿವಾಸಪುರದವರಿಗೆ ತೆಲುಗು ಯಾರೂ ಕಲಿಸಬೇಕಾಗಿಲ್ಲ, ಸಂತೆಯಲ್ಲೇ ಬಂದಿರುತ್ತದೆ. ನಾನು ಸೇರಿದ ಮೊದಲ ದಿನವೇ ಒಬ್ಬ ಅಜ್ಜಿ ತೆಲುಗಿನಲ್ಲಿ ‘ಎಲ್ಲಿ ನೋವು’ ಎಂಬುದನ್ನು ವಿವರಿಸುತ್ತಿದ್ದರು. ಉತ್ತರ ಭಾರತದಿಂದ ಬಂದ ಸಹೋದ್ಯೋಗಿಗಳು ಮುಖ ಮುಖ ನೋಡುತ್ತಿದ್ದರು, ನಾನು ಉತ್ತರ ಕೊಟ್ಟೆ. ಮಗಳ ಬಳಿ ಆ ಬಂಡವಾಳ ಆಗಲೇ ಇದೆ.

ಮದುವೆ ಬಗ್ಗೆ ನಾನು ಹೇಳುವುದು ಸರಿಯಲ್ಲ. ಆದರೂ ಕಾಯಂ ಕೇಂದ್ರ ಸರ್ಕಾರಿ ಕೆಲಸ ಇರುವ ಹುಡುಗಿಗೆ ಸಂಬಂಧ ಹುಡುಕಲು ಯಾರೂ ತಿಣುಕಿದ್ದನ್ನು ನಾನು ಕಂಡಿಲ್ಲ. ವಯೋಮಿತಿ ಸಾಮಾನ್ಯ ವರ್ಗಕ್ಕೆ 30. ಓದಿನ ಬಿಸಿ ಆರುವ ಮುನ್ನ ಬರೆಯಲಿ.

ನಾಡಕಚೇರಿ ಪಕ್ಕದ ಮನೆ:

ಮೀಸಲಾತಿ ಪ್ರಮಾಣಪತ್ರದ ವಿಷಯ ಯಾರೂ ಎತ್ತಲಿಲ್ಲ. ಬಹಳ ಜನ ಇಲ್ಲೇ ಮುಗ್ಗರಿಸುತ್ತಾರೆ. ರಾಜ್ಯದ 2ಎ, 3ಎ, 3ಬಿ ಪ್ರಮಾಣಪತ್ರ ಹಿಡಿದು ‘ನಾವು ಒಬಿಸಿ’ ಎಂದು ಅರ್ಜಿ ತುಂಬುತ್ತಾರೆ. ಕೇಂದ್ರದ ಒಬಿಸಿ ಪಟ್ಟಿ ಬೇರೆಯೇ ಇದೆ. ನಿಮ್ಮ ಜಾತಿ ಆ ಪಟ್ಟಿಯಲ್ಲಿದ್ದರೆ ಮಾತ್ರ, ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರ ತಹಶೀಲ್ದಾರರಿಂದ ಪಡೆಯಬೇಕು. ರಾಜ್ಯದಲ್ಲಿ ಮೀಸಲಾತಿ ಇದ್ದು ಕೇಂದ್ರದ ಪಟ್ಟಿಯಲ್ಲಿ ಹೆಸರಿಲ್ಲದ ಜಾತಿಯವರು ಇಡಬ್ಲ್ಯುಎಸ್‌ಗೆ ಪ್ರಯತ್ನಿಸಬಹುದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರಬೇಕು, ಕೃಷಿ ಜಮೀನು 5 ಎಕರೆ ಮುಟ್ಟಿರಬಾರದು. ನಮ್ಮ ಜಿಲ್ಲೆಯಲ್ಲಿ ಮಳೆಯಾಧಾರಿತ ಬರಡು 5 ಎಕರೆ ಇಟ್ಟುಕೊಂಡು ಸಾಲದಲ್ಲಿರುವವರು ಎಷ್ಟೋ ಮಂದಿ. ಕಾನೂನಿಗೆ ಅದು ಕಾಣುವುದಿಲ್ಲ, ಏನು ಮಾಡುವುದು. ಇನ್ನೊಂದು, ಯಾವ ದಿನಾಂಕದಿಂದ ಯಾವ ದಿನಾಂಕದೊಳಗೆ ಪಡೆದ ಪ್ರಮಾಣಪತ್ರ ಬೇಕು ಎಂದು ಅಧಿಸೂಚನೆಯಲ್ಲೇ ಬರೆದಿರುತ್ತಾರೆ. ಕಳೆದ ವರ್ಷದ್ದು ನಡೆಯುವುದಿಲ್ಲ.

ತೊಟ್ಲಿ ಹುಡುಗ:

ನೆಗೆಟಿವ್ ಮಾರ್ಕ್ಸ್ ಇದ್ದಾಗ ಗೊತ್ತಿಲ್ಲದ್ದನ್ನು ಬಿಡಬೇಕೋ, ಗುಂಡು ಹೊಡೆಯಬೇಕೋ?

ಚಿಂತಾಮಣಿ ಟೀಚರ್:

ತಪ್ಪು ಉತ್ತರವೊಂದಕ್ಕೆ ಮೂರನೇ ಒಂದು ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಏನೂ ಗೊತ್ತಿಲ್ಲದೆ ಗುರುತು ಹಾಕಿದರೆ ನಾಲ್ಕರಲ್ಲಿ ಒಂದು ಸರಿ, ಮೂರು ತಪ್ಪು. ಬಂದ ಒಂದು ಅಂಕ ಮೂರು ತಪ್ಪಿಗೆ ಸರಿಹೋಗುತ್ತದೆ. ಲಾಭವೂ ಇಲ್ಲ, ನಷ್ಟವೂ ಇಲ್ಲ, ಎದೆಬಡಿತ ಮಾತ್ರ. ಆದರೆ ಒಂದು ಆಯ್ಕೆ ಖಂಡಿತ ತಪ್ಪು ಎಂದು ತಿಳಿದರೆ ಲೆಕ್ಕ ನಿಮ್ಮ ಕಡೆಗೆ ವಾಲುತ್ತದೆ. ಎರಡನ್ನು ತಳ್ಳಿಹಾಕಿದರೆ ಅಂಥ ಆರು ಪ್ರಶ್ನೆಗೆ ಸರಾಸರಿ ಎರಡು ಅಂಕ ಕೈಗೆ ಬರುತ್ತದೆ. ಹಾಗಾಗಿ ಎರಡು ಆಯ್ಕೆಯ ನಡುವೆ ತೂಗುತ್ತಿರುವ ಪ್ರಶ್ನೆಯನ್ನು ಹೆದರಿ ಬಿಡಬೇಡಿ. ಕಣ್ಣು ಮುಚ್ಚಿ ಹೊಡೆಯುವುದನ್ನು ಬಿಡಿ, ಅದಕ್ಕೆ ಹೋಗುವ ಸಮಯವೂ ದಂಡ.

ಹೆರಿಗೆ ವಾರ್ಡ್ ಸಿಸ್ಟರ್:

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಇರುವವಳು, ನನಗೆ ಪರೀಕ್ಷೆ ಬರೆಯುವ ವಯಸ್ಸು ದಾಟಿದೆ. ಆದರೆ ಚಿಕ್ಕವರಿಗೆ ಲೇಬರ್ ರೂಮಿನ ಒಂದು ಪಾಠ ಹೇಳುತ್ತೇನೆ. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಮ್ಯಾಗ್‌ಸಲ್ಫ್ (ಮೆಗ್ನೀಸಿಯಂ ಸಲ್ಫೇಟ್) ಕೊಡುತ್ತೇವೆ. ಮೊದಲ ಡೋಸ್ 4 ಗ್ರಾಂ ನಿಧಾನವಾಗಿ ನರಕ್ಕೆ, ಜೊತೆಗೆ ಎರಡೂ ಪೃಷ್ಠಕ್ಕೆ ತಲಾ 5 ಗ್ರಾಂ. ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ, ಬದಿ ಬದಲಿಸಿ. ಇದನ್ನು ಎಲ್ಲರೂ ಒಪ್ಪಿಸುತ್ತಾರೆ. ಮೇನ್ಸ್‌ನವರು ಕೇಳುವುದು ಎರಡನೇ ಡೋಸಿಗೆ ಮುಂಚೆ ನಿಂತು ಏನು ನೋಡುತ್ತೀ ಎಂಬುದನ್ನು.

ಮಂಡಿ ಕೆಳಗೆ ತಟ್ಟಿದರೆ ಕಾಲು ಜಿಗಿಯಬೇಕು. ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇರಬಾರದು. ಮೂತ್ರ ಗಂಟೆಗೆ 30 ಎಂಎಲ್ ಆದರೂ ಬಂದಿರಬೇಕು, ಏಕೆಂದರೆ ಆ ಔಷಧ ಹೊರಗೆ ಹೋಗುವ ದಾರಿ ಕಿಡ್ನಿ ಒಂದೇ. ಮೊದಲು ಕೈಕೊಡುವುದು ಮಂಡಿಯ ಜಿಗಿತ, ಉಸಿರು ನಿಲ್ಲುವುದು ಆಮೇಲೆ. ಅದಕ್ಕೇ ಮಂಡಿ ತಟ್ಟುವುದು. ಅದು ಜಿಗಿಯಲಿಲ್ಲ ಎಂದರೆ ಡೋಸ್ ನಿಲ್ಲಿಸು. ಉಸಿರೂ ಕುಗ್ಗಿದರೆ 10 ಶೇಕಡಾ ಕ್ಯಾಲ್ಸಿಯಂ ಗ್ಲುಕೋನೇಟ್ 10 ಎಂಎಲ್ ಟ್ರೇಯಲ್ಲಿ ಸಿದ್ಧವಾಗಿರಬೇಕು. ನಮ್ಮಲ್ಲಿ ಕೆಲವು ಹುಡುಗಿಯರು ಮೂತ್ರದ ಚೀಲ ನೋಡದೆಯೇ ಚಾರ್ಟಿನಲ್ಲಿ ಅಂಕಿ ತುಂಬುತ್ತಾರೆ. ಅವರು ಪರೀಕ್ಷೆಯಲ್ಲೂ ಹಾಗೆಯೇ ತುಂಬಿ ಬರುತ್ತಾರೆ.

ಬಂಗಾರಪೇಟೆ ಸಿಸ್ಟರ್:

ಇದನ್ನು ಬರೆದಿಟ್ಟುಕೊಂಡೆ ಮೇಡಂ, ತುಂಬಾ ಉಪಕಾರ. ಐಸಿಯುನಲ್ಲಿ ಪಂಪ್ ಇರುವುದರಿಂದ ಡ್ರಿಪ್ ಲೆಕ್ಕ ನನಗೆ ಮರೆತೇಹೋಗಿದೆ. ಅದನ್ನೂ ಯಾರಾದರೂ ಹೇಳಿಕೊಡಿ.

ಮಂಗಳಗಿರಿ ಅಕ್ಕ:

ಎಷ್ಟು ಎಂಎಲ್, ಅದನ್ನು ಸೆಟ್‌ನ ಡ್ರಾಪ್ ಫ್ಯಾಕ್ಟರ್‌ನಿಂದ (ಒಂದು ಎಂಎಲ್‌ಗೆ ಎಷ್ಟು ಹನಿ) ಗುಣಿಸು, ಒಟ್ಟು ನಿಮಿಷಗಳಿಂದ ಭಾಗಿಸು. 500 ಎಂಎಲ್, ನಾಲ್ಕು ಗಂಟೆ, 20 ಹನಿಯ ಸೆಟ್ ಎಂದರೆ 10,000ವನ್ನು 240ರಿಂದ ಭಾಗಿಸಬೇಕು, ನಿಮಿಷಕ್ಕೆ ಸುಮಾರು 42 ಹನಿ. ಮಕ್ಕಳ ಮೈಕ್ರೊ ಸೆಟ್‌ನಲ್ಲಿ ಎಂಎಲ್‌ಗೆ 60 ಹನಿ, ಹಾಗಾಗಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. ಲೆಕ್ಕ ಮಾಡುವ ಗೋಜೇ ಇಲ್ಲ.

ಈಗ ಎಲ್ಲರಿಗೂ ಒಂದು ಲೆಕ್ಕ. 60 ಕೆಜಿ ತೂಕದ ಮಹಿಳೆ. ಬೆಳಿಗ್ಗೆ 6ಕ್ಕೆ ಸ್ನಾನದ ಹಂಡೆಯ ಕುದಿನೀರು ಮೈಮೇಲೆ ಬಿತ್ತು. ಎದೆ ಹೊಟ್ಟೆಯ ಮುಂಭಾಗ ಪೂರ್ತಿ ಮತ್ತು ಬಲಗೈ ಪೂರ್ತಿ ಸುಟ್ಟು ಬೊಬ್ಬೆ ಎದ್ದಿದೆ. ಆಸ್ಪತ್ರೆಗೆ ಬಂದಾಗ 8 ಗಂಟೆ. ದಾರಿಯಲ್ಲಿ ಯಾವ ಡ್ರಿಪ್ಪೂ ಹಾಕಿಲ್ಲ. ಸುಟ್ಟವರಿಗೆ ಎಷ್ಟು ದ್ರವ ಬೇಕು ಎಂದು ಹೇಳುವ ಪಾರ್ಕ್‌ಲ್ಯಾಂಡ್ ಸೂತ್ರದ ಪ್ರಕಾರ ಈಗ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಗಂಟೆಗೆ ಎಷ್ಟು ಎಂಎಲ್ ಹರಿಸಬೇಕು?

ತೊಟ್ಲಿ ಹುಡುಗ:

ಮುಂಭಾಗ 18, ಕೈ 9, ಒಟ್ಟು ಮೈಯ ಶೇ 27 ಸುಟ್ಟಿದೆ. ಸೂತ್ರದಂತೆ ನಾಲ್ಕು ಗುಣಿಸು ತೂಕ 60 ಗುಣಿಸು 27, ಅಂದರೆ 6,480 ಎಂಎಲ್. ಮೊದಲ ಎಂಟು ಗಂಟೆಯಲ್ಲಿ ಕೊಡಬೇಕಾದ ಅರ್ಧ 3,240. ಎಂಟು ಗಂಟೆಗೆ ಹಂಚಿದರೆ 405 ಎಂಎಲ್.

ಬ್ರದರ್ ಮುಳಬಾಗಿಲು:

ನನಗೂ 405.

ಬಂಗಾರಪೇಟೆ ಸಿಸ್ಟರ್:

540 ಅಲ್ಲವೇ ಅಕ್ಕ? ಎಂಟು ಗಂಟೆ ಲೆಕ್ಕ ಶುರುವಾಗುವುದು ಸುಟ್ಟ ಹೊತ್ತಿನಿಂದ, ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ. ಎರಡು ಗಂಟೆ ಆಗಲೇ ಕಳೆದಿದೆ. 3,240ನ್ನು ಉಳಿದ ಆರು ಗಂಟೆಯಲ್ಲಿ ಕೊಡಬೇಕು.

ಮಂಗಳಗಿರಿ ಅಕ್ಕ:

540 ಸರಿ. 405 ಕೂಡ ಆಯ್ಕೆಗಳಲ್ಲಿ ಇದ್ದೇ ಇರುತ್ತದೆ, ಅವಸರ ಮಾಡುವವರಿಗಾಗಿ. ಉಳಿದ ಅರ್ಧ ಮುಂದಿನ 16 ಗಂಟೆಗೆ. ಸೂತ್ರದ ಅಂಕಿ ಆರಂಭಕ್ಕೆ ಮಾತ್ರ. ದ್ರವ ಸಾಕಾಗುತ್ತಿದೆಯೇ ಎಂದು ಹೇಳುವುದು ಮೂತ್ರ, ಈ ತೂಕಕ್ಕೆ ಗಂಟೆಗೆ 30 ಎಂಎಲ್ ಬರುವಂತಿರಬೇಕು. 20 ಹನಿಯ ಸೆಟ್‌ನಲ್ಲಿ 540 ಎಂಎಲ್ ಎಂದರೆ ನಿಮಿಷಕ್ಕೆ 180 ಹನಿ, ಎಣಿಸಲು ಸಾಧ್ಯವೇ ಇಲ್ಲ. ಅದಕ್ಕೇ ಇಂಥ ಕೇಸಿಗೆ ದಪ್ಪ ಕ್ಯಾನುಲಾ ಎರಡು ಹಾಕುತ್ತಾರೆ.

ಪತ್ರದ ಕಥೆ ಏನಾಯಿತು ತಂಗಿ?

ಬಂಗಾರಪೇಟೆ ಸಿಸ್ಟರ್:

ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಅವರನ್ನು ನೇರವಾಗಿ ಕಂಡು ಕೇಳಿದೆ. ಕರಡು ಬರೆದು ತಾ ಎಂದಿದ್ದಾರೆ. ‘ಟ್ರೈನಿ’ ಎಂಬ ಪದ ಇಲ್ಲದ ಹಾಗೆ, ಹಾಸಿಗೆ ಸಂಖ್ಯೆ ಸೇರಿಸಿ ಬರೆದಿದ್ದೇನೆ. ಸೋಮವಾರ ಸಹಿ ಆಗಬೇಕು. ಅಪ್ಪನಿಗೆ ಮಂಗಳಗಿರಿಯ ವಿಷಯ ಹೇಳಿದೆ. ‘ವಿಜಯವಾಡಕ್ಕೆ ರೈಲು ಎಲ್ಲಿಂದ’ ಎಂದು ಕೇಳಿದರು.

ನಾಡಕಚೇರಿ ಪಕ್ಕದ ಮನೆ:

ಸೀಲು ಮರೆಯಬೇಡ ಸಿಸ್ಟರ್. ಸಹಿಯ ಕೆಳಗೆ ಹೆಸರು, ಹುದ್ದೆ ಸ್ಪಷ್ಟವಾಗಿರಲಿ, ಕ್ರಮಸಂಖ್ಯೆ ಮತ್ತು ದಿನಾಂಕ ಹಾಕಿಸಿಕೋ.